ತೂಫಾನ್ ನಮ್ಮ ಎದುರಿಂದ ಹಾದು ಹೋಗುವಾಗ ಎಂತ ನೋಡುದು, ಎಂತ ಮಾಡುದು

ಮೇ ತಿಂಗಳ ಸೆಕೆ ತಡೀಲಿಕ್ಕೆ ಆಗದೆ ಎಲ್ರೂ ಮಳೆ ಯಾವಾಗ ಅಂತ ಕಾಯ್ತಾ ಇರುವ ಹೊತ್ತಿಗೇ ಲಕ್ಷದ್ವೀಪದ ಹತ್ರ ಲೋ ಪ್ರೆಶರ್ ಅಂತ ಸುದ್ದಿ ಶುರು ಆಗ್ತದೆ. ಇಲ್ಲದಿದ್ರೆ ಅಕ್ಟೋಬರ್-ನವೆಂಬರಲ್ಲಿ, ದೀಪಾವಳಿ ಆಸುಪಾಸು. ಕೂಡ್ಲೆ ಫ್ಯಾಮಿಲಿ ಗ್ರೂಪಲ್ಲಿ ಯಾವುದೋ ದೇಶದ ಹಳೇ ವಿಡಿಯೋ "ಮಲ್ಪೆ ಬೀಚ್ ಈಗ" ಅಂತ ಬಂದು ಬೀಳ್ತದೆ, ಮುಂಬೈಯಿಂದ ಅತ್ತೆ ಫೋನ್ ಮಾಡ್ತಾರೆ, ಪಕ್ಕದ ಮನೆಯವರು "ಅದು ಗುಜರಾತಿಗೆ ಹೋಗುದು ಮಾರಾಯ್ರೆ, ನಮಗೆ ಎಂತದೂ ಇಲ್ಲ" ಅಂತ ಹೇಳಿ ಒಳಗೆ ಹೋಗ್ತಾರೆ. ಗುಜರಾತಿಗೆ ಹೋಗುದು ಹೆಚ್ಚಿನ ಸಲ ನಿಜವೇ. ಆದ್ರೆ ಆ "ಎಂತದೂ ಇಲ್ಲ" ಅನ್ನುದುಂಟಲ್ಲ, ಅದೇ ನಮ್ಮ ಮಂಗಳೂರು-ಉಡುಪಿ ಕಡೆಯ ದೊಡ್ಡ ತಲೆನೋವು.

2021ರ ತೌಕ್ತೆ ನೆನಪುಂಟಲ್ಲ, ಲಾಕ್‌ಡೌನ್ ಟೈಮಲ್ಲಿ ಬಂದದ್ದು. ಅದು ದಡ ಹತ್ತಿದ್ದು ಮೇ 17ರ ರಾತ್ರಿ ಗುಜರಾತಲ್ಲಿ, ದಿಯು-ಉನಾ ಕಡೆ. ನಮ್ಮೂರಿಗೆ ಕಾಲೇ ಇಡ್ಲಿಲ್ಲ. ಆದ್ರೆ ಅದು ನಮ್ಮ ಎದುರಿಂದ ಹಾದು ಹೋದ ಆ ಶನಿವಾರ ಭಾನುವಾರದಲ್ಲೇ ಮಂಗಳೂರಿನ ಎದುರು ಕಡಲಲ್ಲಿ ಒಂದು ಟಗ್, ಅಂದ್ರೆ ಹಡಗು ಎಳೆಯುವ ಬೋಟ್, ಮಗುಚಿತು, ಇನ್ನೊಂದು ಟಗ್ ಮೂಲ್ಕಿ ಕಡೆ ಬಂಡೆಗೆ ಸಿಕ್ಕಿ ಅದ್ರಲ್ಲಿದ್ದ 9 ಜನರನ್ನು ನೇವಿ ಹೆಲಿಕಾಪ್ಟರ್ ಮತ್ತೆ ಕೋಸ್ಟ್ ಗಾರ್ಡ್ ಸೇರಿ ಹೊರಗೆ ತರಬೇಕಾಯ್ತು. 2019ರ ಕ್ಯಾರ್ ಅಂತೂ ಒಮಾನ್ ದಿಕ್ಕಿಗೆ ಹೋದದ್ದು, 2023ರ ಬಿಪರ್‌ಜಾಯ್ ಜೂನ್ 15ಕ್ಕೆ ಕಛ್‌ನ ಜಖೌ ಹತ್ರ ಹತ್ತಿದ್ದು, ಆದ್ರೂ ಎರಡು ಸಲವೂ ನಮ್ಮ ಕಡಲು ಸುಮ್ಮನೆ ಕೂರ್ಲಿಲ್ಲ. ಹಾಗಾಗಿ ನಮಗೆ ಕಲೀಲಿಕ್ಕೆ ಇರುದು ತೂಫಾನ್ ಎಲ್ಲಿ ದಡ ಹತ್ತುತ್ತದೆ ಅಂತ ಅಲ್ಲ, ನಮ್ಮ ಎದುರಿಂದ ಯಾವಾಗ, ಎಷ್ಟು ದೂರದಲ್ಲಿ ಪಾಸ್ ಆಗ್ತದೆ ಅಂತ.

ಮೊದಲು ಗಾಳಿಯ ದಿಕ್ಕು ಹಿಡೀಲಿಕ್ಕೆ ಕಲೀರಿ. ನಮಗೆ ದಿಕ್ಕು ಗೊತ್ತಾಗ್ಲಿಕ್ಕೆ ಕಷ್ಟ ಇಲ್ಲ, ಪಡು ಅಂದ್ರೆ ಕಡಲು, ಮೂಡು ಅಂದ್ರೆ ಘಾಟಿ. ನಮ್ಮ ಈ ಅರ್ಧಗೋಳದಲ್ಲಿ ಸೈಕ್ಲೋನ್ ಗಾಳಿ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ, ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು ನಿಂತ್ರೆ ತೂಫಾನಿನ ನಡುಭಾಗ ಹೆಚ್ಚುಕಮ್ಮಿ ನಿಮ್ಮ ಎಡಗೈ ಕಡೆ ಇರ್ತದೆ. ಹಡಗಿನವರ ಹಳೇ ಲೆಕ್ಕ ಇದು, ಮೊಬೈಲ್ ನೆಟ್‌ವರ್ಕ್ ಹೋದ್ರೂ ಇದು ಹೋಗುದಿಲ್ಲ. ತೂಫಾನ್ ಇನ್ನೂ ಲಕ್ಷದ್ವೀಪದ ಹತ್ರ, ಅಂದ್ರೆ ನಮ್ಮ ನೈಋತ್ಯಕ್ಕೆ ಇರುವಾಗ ನಮಗೆ ಗಾಳಿ ಆಗ್ನೇಯದಿಂದ, ಭೂಮಿ ಕಡೆಯಿಂದ ಬರ್ತದೆ. ಅದು ನಮ್ಮ ಸರೀ ಪಡುವಿಗೆ ಬಂದಾಗ ಗಾಳಿ ತೆಂಕಿನಿಂದ. ಗೋವಾ ಕಡೆ ದಾಟಿದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗಿ ಸೀದಾ ಕಡಲಿಂದ ದಡಕ್ಕೆ ಹೊಡೀತದೆ.

ಜನ ಮೋಸ ಹೋಗುದು ಇಲ್ಲೇ. ಭೂಮಿ ಕಡೆಯ ಗಾಳಿ ಇರುವಾಗ ಅದು ತೆರೆಯ ತಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಕಡಲು ನೋಡ್ಲಿಕ್ಕೆ ಅಷ್ಟೇನೂ ಜೋರಿಲ್ಲ ಅನ್ನಿಸ್ತದೆ, ಪಣಂಬೂರಿಗೋ ಕಾಪುವಿಗೋ ಸೆಲ್ಫಿ ತೆಗೀಲಿಕ್ಕೆ ಹೋಗುವವರೆಲ್ಲ ಹೋಗುದು ಆಗಲೇ. ತೂಫಾನ್ ನಮ್ಮನ್ನು ದಾಟಿತು, ಇನ್ನು ಟೆನ್ಶನ್ ಇಲ್ಲ ಅಂತ ಟಿವಿಯವರು ಕಾರವಾರಕ್ಕೆ ಕ್ಯಾಮೆರಾ ತಿರುಗಿಸಿದ ಹೊತ್ತಿಗೆ ಉಳ್ಳಾಲ, ಸೋಮೇಶ್ವರ ಉಚ್ಚಿಲದಲ್ಲಿ ತೆಂಗಿನ ಮರ ಬುಡ ಸಮೇತ ಕಡಲಿಗೆ ಹೋಗ್ತಾ ಇರ್ತದೆ. ಗಾಳಿ ತೆಂಕಿನಿಂದ ನೈಋತ್ಯಕ್ಕೆ ತಿರುಗುವ ಆ ಹೊತ್ತನ್ನು ಗಮನ ಇಟ್ಟು ನೋಡಿ, ನಮ್ಮ ಕಷ್ಟದ ಹೊತ್ತು ಅಲ್ಲಿಂದ ಶುರು. ಒಂದು ಮಾತು, ಈ ಲೆಕ್ಕ ಮೇ ಮತ್ತೆ ಅಕ್ಟೋಬರ್-ನವೆಂಬರಲ್ಲಿ ಚಂದ ಕೆಲಸ ಮಾಡ್ತದೆ. ಜೂನಲ್ಲಿ ಮುಂಗಾರಿನ ಗಾಳಿಯೇ ಪಡುವಿಂದ ಬೀಸ್ತಾ ಇರುದ್ರಿಂದ ಎರಡೂ ಕಲಸಿ ಹೋಗ್ತದೆ. ಹಾಗೇ ಮಧ್ಯಾಹ್ನ ದಿನಾ ಬೀಸುವ ಕಡಲಗಾಳಿ ನೋಡಿ ತೂಫಾನ್ ಅಂತ ಲೆಕ್ಕ ಹಾಕ್ಬೇಡಿ, ಬೆಳಿಗ್ಗೆ ಬೇಗ ನೋಡಿ.

ನೋಡ್ಬೇಕಾದ ಇನ್ನೊಂದು ಅಂದ್ರೆ ತೆರೆ. ಗಾಳಿ ಬರುವ ಮೊದಲೇ ತೆರೆ ಬರ್ತದೆ, ಆಕಾಶದಲ್ಲಿ ಒಳ್ಳೆ ಬಿಸಿಲು ಇದ್ರೂ ಬರ್ತದೆ. ದೂರದಿಂದ ಒಂದು ತೆರೆ ಒಡೆದದ್ದು ನೋಡಿ ಮುಂದಿನದ್ದು ಒಡೆಯುವವರೆಗೆ ಸೆಕೆಂಡ್ ಎಣಿಸಿ. ಬರೀ ಊರ ಗಾಳಿಗೆ ಏಳುವ ತೆರೆ ಗಡಿಬಿಡಿಯಲ್ಲಿ ಒಂದರ ಹಿಂದೆ ಒಂದು ಬರ್ತದೆ. ಹನ್ನೆರಡು, ಹದಿನೈದು ಸೆಕೆಂಡ್ ಗ್ಯಾಪ್ ಇಟ್ಟು, ಉದ್ದಕ್ಕೆ, ನಿಧಾನಕ್ಕೆ, ದಡಕ್ಕೆ ಬಂದು ಒಮ್ಮೆಗೇ ಎದ್ದು ಬೀಳುವ ತೆರೆ ಇದ್ರೆ ಅದು ದೂರದ ಗಾಳಿ ಕಳಿಸಿದ್ದು. ಅಂಥ ತೆರೆ ಮರಳಿನ ಮೇಲೆ ಎಲ್ಲಿವರೆಗೆ ಹತ್ತುತ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಮಲ್ಪೆ ಸೀ ವಾಕ್, ಸಸಿಹಿತ್ಲು, ತಣ್ಣೀರುಬಾವಿ ಎಲ್ಲ ಆಗ ಮನೆಯಿಂದಲೇ ನೆನಪು ಮಾಡ್ಕೊಂಡ್ರೆ ಸಾಕು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯವರು ಎತ್ತರದ ಅಲೆಯ ಎಚ್ಚರಿಕೆ ಕೊಡ್ತಾರೆ, ಪೇಪರಲ್ಲಿ ಒಳಗಿನ ಪುಟದಲ್ಲಿ ಸಣ್ಣಕ್ಕೆ ಬರ್ತದೆ, ಅದನ್ನು ಬಿಡ್ಬೇಡಿ.

ಬುಲೆಟಿನ್ ಓದುದು ಹೇಗೆ ಅಂದ್ರೆ, ಸೈಕ್ಲೋನ್ ಆದ ಮೇಲೆ ಹವಾಮಾನ ಇಲಾಖೆ ಮೂರು ಗಂಟೆಗೊಮ್ಮೆ ಅಪ್‌ಡೇಟ್ ಕೊಡ್ತದೆ, ಬೆಳಿಗ್ಗೆ ಐದೂವರೆ, ಎಂಟೂವರೆ, ಹನ್ನೊಂದೂವರೆ ಹೀಗೆ ಲೆಕ್ಕ ಹೋಗ್ತದೆ, ನಮಗೆ ಸಿಗ್ಲಿಕ್ಕೆ ಸ್ವಲ್ಪ ತಡ. ಅಂದ್ರೆ ನಡುವಲ್ಲಿ ಹತ್ತು ಸಲ ಫೋನ್ ತೆಗೆದು ನೋಡಿದ್ರೂ ಹೊಸತು ಎಂತ ಸಿಗುದಿಲ್ಲ, ಬ್ಯಾಟರಿ ಖಾಲಿ ಅಷ್ಟೇ. ಅದ್ರಲ್ಲಿ ಮೊದಲು ನೋಡ್ಬೇಕಾದ್ದು ಅಕ್ಷಾಂಶ. ಮಂಗಳೂರು 12.9, ಉಡುಪಿ 13.3, ಹಾಗಾಗಿ ತೂಫಾನ್ 13ರ ಹತ್ರ ಬಂತು ಅಂದ್ರೆ ನಮ್ಮ ಎದುರು ಬಂತು ಅಂತ. 15, 16 ದಾಟುವವರೆಗೂ ದಡದಲ್ಲಿ ಬಿಗಿ ಬಿಡ್ಬೇಡಿ. ಮ್ಯಾಪಲ್ಲಿ ಅಗಲ ಆಗ್ತಾ ಹೋಗುವ ಆ ಕೋನ್ ಉಂಟಲ್ಲ, ಅದು ನಡುಭಾಗ ಎಲ್ಲೆಲ್ಲಿ ಹೋಗಬಹುದು ಅಂತ ತೋರಿಸುದು, ಮಳೆ ಗಾಳಿ ಎಷ್ಟು ಅಗಲಕ್ಕೆ ಅಂತ ಅಲ್ಲ. "ನಮ್ಮ ಊರು ಕೋನಿನ ಹೊರಗೆ" ಅಂತ ಸಮಾಧಾನ ಮಾಡ್ಕೊಳ್ಳುವವರು ಸುಮಾರು ಜನ ಇದ್ದಾರೆ.

ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ್ರೆ ಸೈಕ್ಲೋನ್, ಹೆಸರು ಸಿಗುದು ಆಗಲೇ, 89ರಿಂದ ಸಿವಿಯರ್, 118ರಿಂದ ವೆರಿ ಸಿವಿಯರ್. ಗಾಳಿಯ ಮ್ಯಾಪ್ ತೋರಿಸುವ ವಿಂಡಿ ಆ್ಯಪ್ ನೋಡುವವರು ನಂಬರ್ ನಾಟ್‌ನಲ್ಲಿ ಉಂಟಾ ಕಿಲೋಮೀಟರಲ್ಲಿ ಉಂಟಾ ಅಂತ ಮೊದಲು ನೋಡಿ, ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿಲೋಮೀಟರ್, ಹತ್ರ ಹತ್ರ ಡಬಲ್. ಅದ್ರಲ್ಲಿ ಯುರೋಪಿನ ಮಾಡೆಲ್ ಅಮೆರಿಕದ ಮಾಡೆಲ್ ಬೇರೆ ಬೇರೆ ದಾರಿ ತೋರಿಸಿದ್ರೆ ಇನ್ನೂ ಎಂತದೂ ನಿಕ್ಕಿ ಆಗ್ಲಿಲ್ಲ ಅಂತ ತಿಳ್ಕೊಂಡು ಊಟ ಮಾಡಿ ಮಲಗಿ, ಹತ್ತು ದಿನದ ಮುಂದಿನ ಕೆಂಪು ಸುರುಳಿ ನೋಡಿ ಸ್ಟೇಟಸ್ ಹಾಕುದು ಬೇಡ. ರೆಡ್ ಅಲರ್ಟ್ ಅಂದ್ರೆ ಹೆಚ್ಚಾಗಿ ಮಳೆದ್ದು, 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಬರುವ ಚಾನ್ಸ್ ಉಂಟು ಅಂತ. ಬಂದರಿನಲ್ಲಿ ಇಷ್ಟನೇ ನಂಬರ್ ಸಿಗ್ನಲ್ ಹಾಕಿದ್ರಂತೆ ಅಂತ ಕೇಳಿದ್ರೆ ಅದು ಹಡಗು ಬೋಟಿನವರಿಗೆ, 1 ಮತ್ತು 2 ಅಂದ್ರೆ ದೂರದಲ್ಲಿ ಉಂಟು, 3 ಮತ್ತು 4 ಅಂದ್ರೆ ಬಂದರಿಗೇ ಗಾಳಿ ಬರಬಹುದು, 5ರಿಂದ ಮೇಲೆ ಅಪಾಯ. ಮಕ್ಕಳಿಗೆ ಡಿಸಿಯವರು ರಜೆ ಕೊಟ್ರಾ ಇಲ್ವಾ ಅನ್ನುದು ಒಂದೇ ಬುಲೆಟಿನ್, ಅದು ಹೇಗೂ ಅವ್ರಿಗೆ ನಮಗಿಂತ ಮೊದಲೇ ಗೊತ್ತಿರ್ತದೆ.

ಕಾಯುದಕ್ಕೂ ಒಂದು ಟೈಮ್‌ಟೇಬಲ್ ಬೇಕು. ಇಡೀ ರಾತ್ರಿ ಎದ್ದು ಕೂತ್ರೆ ಬೆಳಿಗ್ಗೆ ಬೇಕಾದಾಗ ಕಣ್ಣು ಮುಚ್ಚಿ ಹೋಗ್ತದೆ. ಉಬ್ಬರ ದಿನಕ್ಕೆ ಎರಡು ಸಲ, ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಅಮಾಸೆ ಹುಣ್ಣಿಮೆ ಹತ್ರ ಇದ್ರೆ ಜಾಸ್ತಿ ಏರ್ತದೆ. ಕಡಲ ಬದಿ ಮನೆಯವರು, ಅಳಿವೆ ಹತ್ರ ಇರುವವರು, ಬೆಂಗ್ರೆ, ಕೋಡಿ ಬೆಂಗ್ರೆ, ಗಂಗೊಳ್ಳಿ ಕಡೆಯವರು ಉಬ್ಬರದ ಹಿಂದೆ ಮುಂದೆ ಎರಡು ಗಂಟೆ ಒಬ್ರು ಎಚ್ಚರ ಇದ್ದು ಉಳಿದವರು ಮಲಗಿ. ಹೊಳೆಯಲ್ಲಿ ನೆರೆ ನೀರು ಬರುವ ಹೊತ್ತಿಗೇ ಕಡಲಲ್ಲಿ ಉಬ್ಬರ ಆದ್ರೆ ನೀರಿಗೆ ಹೊರಗೆ ಹೋಗ್ಲಿಕ್ಕೆ ಜಾಗ ಇಲ್ಲ, ಅಂಗಳಕ್ಕೇ ಬರ್ತದೆ. ಪಂಚಾಯತಿನವರು, ಪೊಲೀಸರು ಕಾಳಜಿ ಕೇಂದ್ರಕ್ಕೆ ಹೋಗಿ ಅಂದ್ರೆ ಬೆಳಕಿರುವಾಗಲೇ ಹೋಗಿ, ದನ ಕರು ಬಿಚ್ಚಿ ಎತ್ತರದ ಜಾಗಕ್ಕೆ ಹೊಡೆದು ಹೋಗಿ. ಅಜ್ಜಿಗೆ ಮನೆ ಬಿಟ್ಟು ಬರ್ಲಿಕ್ಕೆ ಮನಸ್ಸಿರುದಿಲ್ಲ, ಅವರ ಹತ್ರ ಮಾತಾಡುದಕ್ಕೇ ಒಂದು ಗಂಟೆ ಬೇರೆ ಇಡಿ.

ಇನ್ನು ಮನೆ. ನಮ್ಮ ಕಡೆ ಹೆಚ್ಚಿನ ಟಾರಸಿ ಮನೆಗೆ ಮೇಲಿಂದ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹಾಕಿರ್ತಾರೆ, ಮಳೆಗಾಲಕ್ಕೆ ಬಟ್ಟೆ ಒಣಗಿಸ್ಲಿಕ್ಕೆ, ಅಡಿಕೆ ಹರಡ್ಲಿಕ್ಕೆ. ತೂಫಾನಲ್ಲಿ ಮೊದಲು ಹಾರುದು ಅದೇ. ಗಾಳಿ ಶೀಟಿನ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ, ಆಗ ಹಿಡಿದಿರುದು ನಾಲ್ಕು ಸ್ಕ್ರೂ ಮಾತ್ರ. ಬಿಸಿಲಿರುವಾಗಲೇ ಏಣಿ ಇಟ್ಟು ಹತ್ತಿ ಒಂದೊಂದೇ ಸ್ಕ್ರೂ ನೋಡಿ. ತಲೆಯ ಅಡಿಯ ಕಪ್ಪು ರಬ್ಬರ್ ವಾಷರ್ ಬಿಸಿಲಿಗೆ ಸೀಳಿ ಪುಡಿ ಆಗಿರ್ತದೆ, ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿದು ಬೆರಳಲ್ಲಿ ತಿರುಗಿಸಿದ್ರೆ ತಿರುಗ್ತದೆ. ಅಂಚಿನ ಸಾಲು ಮತ್ತೆ ಮೂಲೆಯದ್ದು ಮೊದಲು ಬದಲಾಯಿಸಿ, ಗಾಳಿಯ ಎಳೆತ ಜಾಸ್ತಿ ಇರುದು ಅಲ್ಲೇ, ನಡುವಿನದ್ದು ಆಮೇಲೆ ನೋಡುವ. ಶೀಟಿನ ಮೇಲೆ ಕಲ್ಲು, ಮರಳಿನ ಗೋಣಿ ಇಡುವ ಅಭ್ಯಾಸ ಉಂಟು, ನನಗೆ ಅದು ಇಷ್ಟ ಇಲ್ಲ. ಶೀಟ್ ಎದ್ರೆ ಕಲ್ಲೂ ಕೆಳಗೆ ಬರ್ತದೆ, ಕೆಳಗೆ ಯಾರಿರ್ತಾರೋ. ಅದರ ಬದಲು ಪೈಪಿಗೆ ಹಗ್ಗ ಬಿಗಿರಿ. ಹೆಂಚಿನ ಮಾಡಿನವರು ಅಂಚಿನ ಹೆಂಚು ಜಾರಿದೆಯಾ ನೋಡಿ ಹತ್ತಿಪ್ಪತ್ತು ಹೆಂಚು, ಒಂದು ತರ್ಪಾಲು ಸ್ಟಾಕ್ ಇಟ್ಕೊಳ್ಳಿ, ತೂಫಾನ್ ಬಂದ ಮರುದಿನ ಅಂಗಡಿಯಲ್ಲಿ ಎರಡೂ ಸಿಗುದಿಲ್ಲ.

ತೆಂಗಿನ ಮರದಿಂದ ಬಲಿತ ಕಾಯಿ, ಒಣ ಮಡಲು ಇಳಿಸಿ. ಆದ್ರೆ ಕಾಯಿ ತೆಗೆಯುವವರು ಆ ವಾರ ಭಯಂಕರ ಬ್ಯುಸಿ, ಮೊದಲೇ ಹೇಳಿಡಿ. ಗಾಳಿ ಶುರು ಆದ ಮೇಲೆ ಯಾರನ್ನೂ ಮರ ಹತ್ತಿಸ್ಬೇಡಿ. ಕಾರು ಬೈಕ್ ಮರದ ಅಡಿಯಿಂದ ತೆಗೀರಿ, ಮಾವು ಹಲಸು ಎಷ್ಟು ಹಳೇದಾದ್ರೂ ಗ್ಯಾರಂಟಿ ಇಲ್ಲ. ಟಾರಸಿಯ ನೀರಿನ ಟ್ಯಾಂಕ್ ಫುಲ್ ಮಾಡಿ, ಖಾಲಿ ಟ್ಯಾಂಕ್ ಗಾಳಿಗೆ ಉರುಳ್ತದೆ, ಮತ್ತೆ ಕರೆಂಟ್ ಹೋದ್ರೆ ಪಂಪೂ ಇಲ್ಲ. ಬಾವಿಯ ರಾಟೆಗೆ ಎಣ್ಣೆ ಬಿಟ್ಟು ಹಗ್ಗ ಕೊಡಪಾನ ರೆಡಿ ಇಡಿ, ಈಗಿನ ಸುಮಾರು ಮನೆಯಲ್ಲಿ ರಾಟೆಯೇ ಇಲ್ಲ, ಪಕ್ಕದ ಮನೆಯಲ್ಲಿ ಉಂಟಾ ಕೇಳಿಡಿ. ಕುಚ್ಚಲಕ್ಕಿ ಬೇಯ್ಲಿಕ್ಕೆ ಗ್ಯಾಸ್ ತುಂಬ ಎಳೀತದೆ, ಸಿಲಿಂಡರ್ ಅಲುಗಾಡಿಸಿ ನೋಡಿ. ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ ಇದ್ರೆ ಮೂರು ದಿನ ಆರಾಮ, ಹಸಿಮೀನು ಹೇಗೂ ಸಿಗುದಿಲ್ಲ, ಸಿಕ್ಕಿದ್ರೂ ರೇಟ್ ಕೇಳ್ಲಿಕ್ಕೆ ಆಗುದಿಲ್ಲ. ಬಿಪಿ ಶುಗರ್ ಮಾತ್ರೆ ಒಂದು ವಾರದ್ದು, ಪವರ್ ಬ್ಯಾಂಕ್, ಟಾರ್ಚ್, ಒಂದು ಸೆಲ್ಲಿನ ರೇಡಿಯೋ, ರೇಷನ್ ಕಾರ್ಡ್ ಆರ್‌ಟಿಸಿ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ. ನಂಬರ್ ಗೋಡೆಗೆ ಬರೆದಿಡಿ: ಜಿಲ್ಲಾ ಕಂಟ್ರೋಲ್ ರೂಮ್ 1077, ಕರೆಂಟಿಗೆ 1912, ಕೋಸ್ಟ್ ಗಾರ್ಡ್ 1554, ಯಾವುದೂ ನೆನಪಿಲ್ಲದಿದ್ರೆ 112.

ಬೋಟ್ ಹೇಗೆ ಕಟ್ಟಬೇಕು ಅಂತ ಮೊಗವೀರರಿಗೆ ನಾನು ಹೇಳ್ಲಿಕ್ಕೆ ಹೋಗುದಿಲ್ಲ, ಅವರಿಗೆ ಗೊತ್ತುಂಟು. ದಡದಲ್ಲಿ ಕಾಯುವ ಮನೆಯವರಿಗೆ ಮಾತ್ರ ಒಂದು ಮಾತು. ಆಳಸಮುದ್ರಕ್ಕೆ ಹೋದ ಬೋಟ್ ವಾರಗಟ್ಟಲೆ ಹೊರಗೆ ಇರ್ತದೆ, ದಡದಿಂದ ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ರೇಂಜ್ ಇಲ್ಲ, ಹಾಗಾಗಿ ಫೋನ್ ಸ್ವಿಚ್ ಆಫ್ ಅಂತ ಬಂದ ಕೂಡ್ಲೆ ಕೆಟ್ಟದ್ದು ಯೋಚನೆ ಮಾಡ್ಬೇಡಿ. ಮಲ್ಪೆ, ಮಂಗಳೂರಿನ ಬೋಟು ಗಾಳಿ ಬಂದ್ರೆ ಎದುರು ಸಿಕ್ಕಿದ ಬಂದರಿಗೆ, ಕಾರವಾರಕ್ಕೋ ಗೋವಾಕ್ಕೋ ರತ್ನಗಿರಿಗೋ ನುಗ್ತದೆ. ಬೋಟಿನ ಹೆಸರು, ರಿಜಿಸ್ಟ್ರೇಷನ್ ನಂಬರ್, ಎಷ್ಟು ಜನ, ಕೊನೆಗೆ ಯಾವಾಗ ವಯರ್‌ಲೆಸ್ಸಲ್ಲಿ ಸಿಕ್ಕಿದ್ರು ಅನ್ನುದನ್ನು ಬರೆದಿಟ್ಟು ಮೀನುಗಾರರ ಸಂಘದಲ್ಲಿ ಕೇಳಿ, ವಾಟ್ಸಾಪ್ ಗ್ರೂಪಲ್ಲಿ "ಬೋಟ್ ಮುಳುಗಿತಂತೆ" ಅಂತ ಬಂದದ್ದನ್ನು ಫಾರ್ವರ್ಡ್ ಮಾಡುವ ಮೊದಲು ಆ ಬೋಟಿನಲ್ಲಿ ಇರುವವರ ಮನೆಯವರೂ ಅದೇ ಗ್ರೂಪಲ್ಲಿದ್ದಾರೆ ಅಂತ ನೆನಪಿಡಿ.

ಗಾಳಿ ನಿಂತ ಮೇಲೆ ರಸ್ತೆಗೆ ಇಳಿಯುವ ಅವಸರ ಬೇಡ. ಕೆಳಗೆ ಬಿದ್ದ ವಯರಲ್ಲಿ ಕರೆಂಟ್ ಉಂಟಾ ಇಲ್ವಾ ಅಂತ ಕಣ್ಣಿಗೆ ಕಾಣುದಿಲ್ಲ, ಕತ್ತಲೆಯಲ್ಲಿ ನೀರು ನಿಂತ ಜಾಗಕ್ಕೆ ಕಾಲೇ ಹಾಕ್ಬೇಡಿ. ಕಡಲು ಮತ್ತೂ ಎರಡು ದಿನ ಜೋರೇ ಇರ್ತದೆ. ಮರವಂತೆಯಲ್ಲಿ ಹೈವೇ ಬದಿ ಗಾಡಿ ನಿಲ್ಲಿಸಿ ತೆರೆ ನೋಡುದು ಆಗ ಬೇಡ. ಬಾವಿಗೆ ಉಪ್ಪುನೀರು ಬಿದ್ದಿದ್ರೆ ಪಂಪ್ ಹಾಕಿ ಒಮ್ಮೆಗೇ ಪೂರ್ತಿ ಖಾಲಿ ಮಾಡ್ಬೇಡಿ, ಕಡಲ ಬದಿಯಲ್ಲಿ ಅದು ಇನ್ನಷ್ಟು ಉಪ್ಪು ಎಳೀತದೆ, ಸ್ವಲ್ಪ ಸ್ವಲ್ಪವೇ ತೆಗೆದು ಹೊರಗೆ ಚೆಲ್ಲಿ, ಮಳೆ ನೀರು ಇಳಿಯುವವರೆಗೆ ಕುಡಿಯುವ ನೀರು ಬೇರೆ ಕಡೆಯಿಂದ ತನ್ನಿ. ಶೀಟು ಹೆಂಚು ಹೋದವರು ರಿಪೇರಿಗೆ ಕೈ ಹಾಕುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೀರಿ, ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡಿ ಸ್ಥಳಕ್ಕೆ ಬಂದು ನೋಡ್ಲಿಕ್ಕೆ ಹೇಳಿ, ಅರ್ಜಿಯ ಒಂದು ಕಾಪಿಗೆ ಸೀಲ್ ಹಾಕಿಸಿ ಇಟ್ಕೊಳ್ಳಿ. ಸೀಲ್ ಇಲ್ಲದ ಅರ್ಜಿ ಹಿಡ್ಕೊಂಡು ಮಳೆಗಾಲ ಇಡೀ ಆಫೀಸಿಗೆ ಓಡಾಡಿದವರು ನಮ್ಮ ಊರಲ್ಲಿ ಬೇಕಾದಷ್ಟು ಜನ ಸಿಗ್ತಾರೆ.