ಬಡಾವಣೆಯ ಹದಿಹರೆಯದವರಿಗೊಂದು ಸಂಜೆ ಕೋಣೆ: ಶುರು ಮಾಡುವುದು ಹೇಗೆ, ನಡೆಸುವುದು ಹೇಗೆ

ಬಡಾವಣೆಯ ಹದಿಹರೆಯದವರು ಸಂಜೆ ಹೊತ್ತು ಸೇರಿ ಆಡಲು, ಓದಲು, ಮಾತಾಡಲು ಇರುವ ಜಾಗವೇ ಸಂಜೆ ಕೋಣೆ. ಮೊದಲ ವಾರ ಕೋಣೆ ಹುಡುಕಬೇಡಿ, ಮಕ್ಕಳನ್ನು ಹುಡುಕಿ. ಸಂಜೆ ಐದರಿಂದ ಎಂಟರವರೆಗೆ ಬಡಾವಣೆಯ ಬೀದಿಗಳನ್ನು ಸುತ್ತಿ, 12ರಿಂದ 18 ವರ್ಷದವರು ಎಲ್ಲಿ ಸೇರುತ್ತಾರೆ, ಎಷ್ಟು ಜನ ಎಂದು ಬರೆದುಕೊಳ್ಳಿ. ಬೇಕರಿ ಮುಂದೆ, ಪಾರ್ಕಿನ ಕಾಂಪೌಂಡ್ ಮೇಲೆ ಹುಡುಗರು ಸಿಗುತ್ತಾರೆ. ಹುಡುಗಿಯರು ಕಾಣುವುದು ಕಡಿಮೆ. ಅವರಿಗಾಗಿ ಮನೆ ಬಾಗಿಲಿಗೇ ಹೋಗಿ ಅಮ್ಮಂದಿರ ಜೊತೆ ಮಾತಾಡಬೇಕು. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಶೆಡ್ಡುಗಳನ್ನೂ ಬಿಡಬೇಡಿ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ಹನ್ನೆರಡರ ಹುಡುಗಿಗೆ ಈ ಕೋಣೆ ಎಲ್ಲರಿಗಿಂತ ಹೆಚ್ಚು ಬೇಕು. ತಮ್ಮನನ್ನೂ ಕರೆದುಕೊಂಡು ಬರಲಿ, ಮೂಲೆಯಲ್ಲೊಂದು ಚಾಪೆ ಹಾಸಿದರೆ ಸಾಕು.

ಇಪ್ಪತ್ತು ಮಕ್ಕಳಿಗೆ 15 ಅಡಿ ಅಗಲ, 20 ಅಡಿ ಉದ್ದದ ಜಾಗ ಸಾಲುತ್ತದೆ. ನಿವಾಸಿಗಳ ಸಂಘದ ಕಟ್ಟಡ, ಸಮುದಾಯ ಭವನದ ಒಂದು ಕೋಣೆ, ಯಾವುದಾದರೂ ಸರಿ, ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು, ನೀರು ಬರಬೇಕು. ಇದಿಲ್ಲದಿದ್ದರೆ ದೊಡ್ಡ ಹುಡುಗಿಯರು ಕಾರಣ ಹೇಳದೆ ಬರುವುದು ನಿಲ್ಲಿಸುತ್ತಾರೆ. ಎರಡು ಕೇರಂ ಬೋರ್ಡು, ಒಂದು ಕಪಾಟು ಪುಸ್ತಕ, ಗೋಡೆಗೊಂದು ಕನ್ನಡಿ, ಇಷ್ಟರಿಂದ ಶುರು ಮಾಡಬಹುದು.

ವಾರಕ್ಕೆ ಮೂರು ದಿನ ಸಾಕು. ಆದರೆ ಅದೇ ದಿನ, ಅದೇ ಹೊತ್ತು, ಅದೇ ಇಬ್ಬರು ದೊಡ್ಡವರು, ಕನಿಷ್ಠ ಒಂದು ವರ್ಷ. ಉಳಿದೆಲ್ಲ ನಿಂತಿರುವುದು ಇದರ ಮೇಲೆ. ಬೆಂಗಳೂರಿನಲ್ಲಿ ಶನಿವಾರ ಬಂದು ಫೋಟೊ ತೆಗೆಸಿಕೊಂಡು ಹೋಗುವ ಸ್ವಯಂಸೇವಕರಿಗೆ ಬರವಿಲ್ಲ. ಐದನೇ ವಾರ ಅವರು ಬರದೇ ಹೋದಾಗ, ಆಗಷ್ಟೇ ಬಾಯಿಬಿಟ್ಟು ಮಾತಾಡಲು ಕಲಿತ ಮಗು ಮತ್ತೆ ಮುಚ್ಚಿಕೊಳ್ಳುತ್ತದೆ, ಮುಂದೆ ಬರುವವರನ್ನೂ ನಂಬುವುದಿಲ್ಲ. ಮೂರು ತಿಂಗಳಷ್ಟೇ ಬಿಡುವಿರುವವರಿಗೆ ಲೆಕ್ಕ, ರಿಪೇರಿ, ಅಡುಗೆಯ ಕೆಲಸ ಕೊಡಿ. ಮಕ್ಕಳ ಜೊತೆಗಿನ ಕೆಲಸ ಬೇಡ. ದೊಡ್ಡವರನ್ನು ಮಕ್ಕಳು ಅಕ್ಕ, ಅಣ್ಣ ಎಂದೇ ಕರೆಯಲಿ. ಮಿಸ್, ಸಾರ್ ಶುರುವಾದರೆ ಕೋಣೆ ಟ್ಯೂಷನ್ ಆಗಿಬಿಡುತ್ತದೆ. ಆಮೇಲೆ ಓದಿನಲ್ಲಿ ಹಿಂದುಳಿದವರೇ ಮೊದಲು ಜಾಗ ಖಾಲಿ ಮಾಡುತ್ತಾರೆ.

ನವೆಂಬರಿನಲ್ಲಿ ಇಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜುಲೈನ ವೇಳಾಪಟ್ಟಿಯನ್ನೇ ಮುಂದುವರಿಸಿದರೆ ಹುಡುಗಿಯರ ಹಾಜರಿ ಕುಸಿಯುತ್ತದೆ. ಚಳಿಗಾಲದಲ್ಲಿ ಅರ್ಧ ಗಂಟೆ ಮುಂಚೆ ಶುರು ಮಾಡಿ, ಬೀದಿವಾರು ಗುಂಪು ಕಟ್ಟಿ, ಒಬ್ಬ ತಾಯಿ ಜೊತೆಗೆ ನಡೆದುಕೊಂಡು ಹೋಗುವಂತೆ ಮಾಡಿ.

ಹೊಟ್ಟೆ ಹಸಿದಿದ್ದರೆ ಜಗಳ ಜಾಸ್ತಿ. ಒಂದು ಕೆಜಿ ಕಡಲೆಕಾಳು ರಾತ್ರಿ ನೆನೆಸಿ ಬೇಯಿಸಿದರೆ ಸುಮಾರು ಎರಡು ಕೆಜಿ ಉಸಲಿ. ಇಪ್ಪತ್ತು ಜನಕ್ಕೆ ತಲಾ ನೂರು ಗ್ರಾಂ.

ಇನ್ನು ಜವಾಬ್ದಾರಿ. ಗಣೇಶನ ಪೆಂಡಾಲಿಗೆ ಚಂದಾ ಎತ್ತಿ, ಲೈಟಿನವರ ಹತ್ತಿರ ಚೌಕಾಸಿ ಮಾಡಿ, ಮೆರವಣಿಗೆ ದಾಟಿಸುವ ಹುಡುಗರನ್ನು ‘ಇವರಿಗೇನು ಗೊತ್ತು’ ಎನ್ನಬೇಡಿ. ತಿಂಗಳಿಗೆ ಎರಡು ಸಾವಿರ ರೂಪಾಯಿ ಮತ್ತು ಒಂದು ಲೆಕ್ಕದ ಪುಸ್ತಕ ಮಕ್ಕಳ ಕೈಗೇ ಕೊಡಿ. ಒಬ್ಬ ಹುಡುಗ, ಒಬ್ಬ ಹುಡುಗಿ ಸೇರಿ ಬರೆಯಲಿ, ಮೂರು ತಿಂಗಳಿಗೊಮ್ಮೆ ಜೋಡಿ ಬದಲಾಗಲಿ. ಪ್ರತಿ ತಿಂಗಳ ಕೊನೆಯ ಶನಿವಾರ ಎಲ್ಲರೆದುರು ಓದಲಿ: ಸ್ಟ್ರೈಕರ್ 60, ಕಡಲೆ 110, ಎಣ್ಣೆ ಇಷ್ಟು. ಐವತ್ತು ರೂಪಾಯಿ ತಾಳೆಯಾಗದಿದ್ದರೆ ನೀವು ತುಂಬಿಸಬೇಡಿ, ಬೈಯಲೂ ಬೇಡಿ. ರಸೀದಿಗಳನ್ನು ನೆಲದ ಮೇಲೆ ಹರಡಿಕೊಂಡು ಅವರೇ ಹುಡುಕಲಿ.

ಸುರಕ್ಷತೆಯಲ್ಲಿ ಮಾತ್ರ ಸಡಿಲ ಬೇಡ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿರಬಾರದು, ಬಾಗಿಲು ತೆರೆದಿರಬೇಕು, ಮಕ್ಕಳಿಗೆ ಖಾಸಗಿ ಮೆಸೇಜ್ ಕಳಿಸಬಾರದು, ಬೈಕಿನಲ್ಲಿ ಡ್ರಾಪ್ ಕೊಡಬಾರದು. ಬರುವ ಸ್ವಯಂಸೇವಕರಿಗೆ ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಲೈಂಗಿಕ ದೌರ್ಜನ್ಯವಾಗಿದೆ ಎಂದು ಮಗು ಹೇಳಿದರೆ ಅಡ್ಡಪ್ರಶ್ನೆ ಕೇಳಬೇಡಿ, ವಿಡಿಯೊ ಮಾಡಬೇಡಿ, ಸಂಘದ ಸಭೆಯಲ್ಲಿ ಇತ್ಯರ್ಥಕ್ಕೆ ಕೂರಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಸಾಯಬೇಕು ಅನ್ನಿಸುತ್ತಿದೆ ಎಂದು ಮಗು ಹೇಳಿದರೆ ‘ಛೀ, ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡುತ್ತಾರೆ, ದಿನದ 24 ಗಂಟೆಯೂ.

ಪರೀಕ್ಷೆ ಹತ್ತಿರ ಬಂತೆಂದು ಕೋಣೆಗೆ ಬೀಗ ಹಾಕುವವರಿದ್ದಾರೆ. ಮಕ್ಕಳಿಗೆ ಆಟ ಮತ್ತು ಆಸರೆ ಅತಿ ಹೆಚ್ಚು ಬೇಕಾಗುವುದೇ ಆಗ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ತಡರಾತ್ರಿಯವರೆಗೂ ತೆರೆದಿಡಿ. ಯಾರು ಬಂದಿಲ್ಲವೋ ಅವರ ಮನೆಗೆ ಅಂದೇ ಹೋಗಿ. ಅಂಕ ಕೇಳಬೇಡಿ, ಊಟ ಆಯ್ತಾ ಎಂದು ಕೇಳಿ. ಮರುಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೇ ದಿನಾಂಕವನ್ನು ಅಪ್ಪ-ಅಮ್ಮನಿಗೆ ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ.