ದುಬೈಯಲ್ಲಿ ಕೆಲಸ, ಶಾರ್ಜಾದಲ್ಲಿ ಮನೆ: ಊರಿನಿಂದ ಹೊಸದಾಗಿ ಬರುವವರಿಗೆ

ಮಂಗಳೂರು, ಉಡುಪಿ ಕಡೆಯಿಂದ ದುಬೈಗೆ ಕೆಲಸಕ್ಕೆ ಬರುವವರು ಮೊದಲ ವಾರದಲ್ಲೇ ಕೇಳುವುದು ಒಂದೇ: "ಶಾರ್ಜಾದಲ್ಲಿ ಬಾಡಿಗೆ ಕಡಿಮೆಯಂತೆ, ಅಲ್ಲೇ ಮನೆ ಮಾಡಿದರೆ ಆಗದೇ?" ಆಗುತ್ತದೆ. ಆದರೆ ಮನೆ ನೋಡುವ ಮೊದಲು ರಸ್ತೆ ನೋಡಿ. ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಮಂಗಳೂರು ಎಷ್ಟು ಹೊತ್ತಿಗೆ ಎಂದು ಹೇಳಬಹುದು. ಶಾರ್ಜಾದಿಂದ ದುಬೈಯ ದೇರಾಕ್ಕೆ ಅದರ ಅರ್ಧ ದೂರವೂ ಇಲ್ಲ. ಆದರೂ ಬೆಳಿಗ್ಗೆ ಏಳೂವರೆಗೆ ಎರಡೂ ಊರನ್ನು ಸೇರಿಸುವ ಅಲ್ ಇತ್ತಿಹಾದ್ ರಸ್ತೆಗೆ ಇಳಿದರೆ ಹಾಗೆ ಹೇಳಲು ಬರುವುದಿಲ್ಲ. ಇಲ್ಲಿ ಕಿಲೋಮೀಟರ್ ಲೆಕ್ಕಕ್ಕಿಲ್ಲ, ಗಂಟೆಯೇ ಲೆಕ್ಕ.

ಕೆಲಸದ ಜಾಗ ದೇರಾ, ಅಲ್ ಕುಸೈಸ್, ಬರ್ ದುಬೈ ಕಡೆಯಾದರೆ ಶಾರ್ಜಾದ ಅಲ್ ನಹ್ದಾ ಅನುಕೂಲ. ದುಬೈಯಲ್ಲೂ ಅದೇ ಹೆಸರಿನ ಬಡಾವಣೆ ಗಡಿಯ ಆಚೆಗೇ ಇದೆ, ಅಲ್ಲಿಂದ ಮೆಟ್ರೋದ ಗ್ರೀನ್ ಲೈನ್ ಸಿಗುತ್ತದೆ. ರೆಡ್ ಲೈನಿಗೆ ಹೋಗಬೇಕಾದವರು ಯೂನಿಯನ್‌ನಲ್ಲೋ ಬರ್ಜುಮಾನ್‌ನಲ್ಲೋ ಬದಲಾಯಿಸಬೇಕು. ಶಾರ್ಜಾದ ರೋಲಾ ಕಡೆ ಇರುವವರಿಗೆ ಅಲ್ ಜುಬೈಲ್ ಬಸ್ ನಿಲ್ದಾಣ ಹತ್ತಿರ. ಅಲ್ಲಿಂದ ದುಬೈಯ ಯೂನಿಯನ್‌ಗೆ ಇ303, ಅಲ್ ಗುಬೈಬಾಕ್ಕೆ ಇ306 ಬಸ್ಸುಗಳಿವೆ. ಕಾರು ಇರುವವರಿಗೆ ಶಾರ್ಜಾದ ಮುವೈಲಿಹ್ ಒಳ್ಳೆಯದು, ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಬೇಗ ಸಿಗುತ್ತದೆ. ಆದರೆ ಊರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೇರವಾಗಿ ಬದಲಾಗುವುದಿಲ್ಲ, ಇಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಹಾಗಾಗಿ ಮೊದಲ ಮನೆಯನ್ನು ಬಸ್ಸು ನಂಬಿಯೇ ಹುಡುಕಿ.

ಕೆಲಸ ಅಲ್ ಬರ್ಶಾದಲ್ಲೋ ಅದರಾಚೆಗೋ ಇದ್ದು, ಕಾರಿನಲ್ಲಿ ಶೇಖ್ ಜಾಯೆದ್ ರಸ್ತೆ ಹಿಡಿದು ಹೋಗುವವರು ದುಬೈಯ ರಸ್ತೆ ಸುಂಕವಾದ ಸಾಲಿಕ್ ಟೋಲಿನ ಲೆಕ್ಕ ಹಾಕದೆ ಶಾರ್ಜಾದ ಮನೆಗೆ ಒಪ್ಪಬೇಡಿ. 2025ರ ಜನವರಿ ಕೊನೆಯಿಂದ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರವರೆಗೆ ಒಂದು ಗೇಟಿಗೆ 6 ದಿರ್ಹಮ್. ಅಲ್ ಮಮ್‌ಜರ್, ಅಲ್ ಗರ್ಹೂದ್, ಅಲ್ ಸಫಾ, ಅಲ್ ಬರ್ಶಾ, ಹೀಗೆ ನಾಲ್ಕು ಗೇಟು ದಾಟಿದರೆ ಹೋಗಲು 24, ಬರಲು 24. ತಿಂಗಳಿಗೆ 22 ದಿನವೆಂದರೆ 1,056 ದಿರ್ಹಮ್, ವರ್ಷಕ್ಕೆ 12,000 ದಾಟುತ್ತದೆ. ಬಾಡಿಗೆಯಲ್ಲಿ ಉಳಿಸಿದ್ದು ಪೂರಾ ಅಲ್ಲಿಗೇ ಹೋಗಬಹುದು. ಪೆಟ್ರೋಲು, ಆಫೀಸಿನ ಪಾರ್ಕಿಂಗ್ ಇದರಲ್ಲಿ ಸೇರಿಲ್ಲ.

ಇನ್ನು ಚೆಕ್ಕಿನ ವಿಷಯ. ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲೇ. ಊರಿನಲ್ಲಿ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕೊಟ್ಟು ಅಭ್ಯಾಸ. ಇಲ್ಲಿ ಬಾಡಿಗೆ ಹೇಳುವುದೇ ವರ್ಷಕ್ಕೆ. ಅದನ್ನು ನಾಲ್ಕೋ ಆರೋ ಹನ್ನೆರಡೋ ಭಾಗ ಮಾಡಿ, ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನೆಲ್ಲ ಮೊದಲ ದಿನವೇ ಬರೆದು ಕೊಡಬೇಕು. ಚೆಕ್ಕು ಕಡಿಮೆಯಾದಷ್ಟೂ ಮಾಲೀಕರು ಬಾಡಿಗೆ ಇಳಿಸುವುದುಂಟು. ಆದರೂ ಹೊಸ ಕೆಲಸದ ಮೊದಲ ವರ್ಷ ಹೆಚ್ಚು ಚೆಕ್ಕಿಗೇ ಕೇಳಿಕೊಳ್ಳಿ. ಇಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಬಂದು, ಖಾತೆ ತೆರೆದು, ಚೆಕ್ ಪುಸ್ತಕ ಕೈಗೆ ಸಿಗುವ ತನಕ ಸ್ವಂತ ಮನೆ ಮಾಡುವುದು ಕಷ್ಟ. ಅಷ್ಟು ದಿನ ಉಳಿಯುವ ಜಾಗ ಮತ್ತು ಖರ್ಚು ವಿಮಾನ ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿ.

ವರ್ಷಕ್ಕೆ 36,000 ದಿರ್ಹಮ್ ಬಾಡಿಗೆ, ಆರು ಚೆಕ್ಕು ಎಂದು ಹಿಡಿಯಿರಿ. ಮೊದಲ ಚೆಕ್ಕು 6,000. ಡೆಪಾಸಿಟ್ ಶೇ. 5 ಎಂದರೆ 1,800, ಏಜೆಂಟರ ಕಮಿಷನ್ ಶೇ. 5 ಆದರೆ ಇನ್ನೊಂದು 1,800. ಮುನಿಸಿಪಾಲಿಟಿಯಲ್ಲಿ ಕರಾರು ದೃಢೀಕರಿಸಲು ಶೇ. 4ರಂತೆ 1,440. ಒಟ್ಟು 11,040. ಇದರ ಮೇಲೆ ವಿದ್ಯುತ್ತು, ನೀರು, ಗ್ಯಾಸಿನ ಸಂಪರ್ಕ ಕೊಡುವ 'ಸೇವಾ'ಕ್ಕೆ ಠೇವಣಿ, ಬಳಿಕ ಮಂಚ, ಫ್ರಿಜ್ಜು. ಕೈಯಲ್ಲಿ ಇಷ್ಟು ಇಲ್ಲದೆ ಮಾತುಕತೆಗೆ ಕೂರಬೇಡಿ.

ಚೆಕ್ಕಿನಲ್ಲಿ ತಾರೀಕು, ಹೆಸರು, ಮೊತ್ತ ಖಾಲಿ ಬಿಡಬಾರದು. ಹೆಸರು ಕರಾರಿನಲ್ಲಿರುವ ಮಾಲೀಕರದ್ದೋ ಅವರ ಕಂಪೆನಿಯದ್ದೋ ಇರಲಿ, ಏಜೆಂಟನದ್ದಲ್ಲ. ಸಹಿ ಬ್ಯಾಂಕಿನಲ್ಲಿ ಕೊಟ್ಟ ಹಾಗೆಯೇ ಬರಬೇಕು. ಕನ್ನಡದಲ್ಲಿ ಸಹಿ ಮಾಡುವವರು ಧಾರಾಳ ಮಾಡಿ, ಆದರೆ ಎಲ್ಲ ಕಡೆ ಅದೇ ಇರಲಿ. ಚೆಕ್ ನಂಬರುಗಳನ್ನು ಕರಾರಿನಲ್ಲಿ ಬರೆಸಿ, ಪ್ರತಿಯೊಂದರ ಫೋಟೋ ಇಟ್ಟುಕೊಳ್ಳಿ. ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಮೊದಲಿನಂತೆ ಕ್ರಿಮಿನಲ್ ಕೇಸು ಆಗುವುದು 2022ರಿಂದ ಬಹುಮಟ್ಟಿಗೆ ನಿಂತಿದೆ. ಹಾಗೆಂದು ಹಗುರ ಮಾಡಬೇಡಿ: ಆ ಚೆಕ್ಕು ಹಿಡಿದು ಮಾಲೀಕರು ನೇರ ವಸೂಲಿಗೆ ಕೋರ್ಟಿಗೆ ಹೋಗಬಹುದು, ಬೇಕೆಂದೇ ಖಾತೆ ಮುಚ್ಚಿದರೆ ಈಗಲೂ ಅಪರಾಧವೇ. ಸಂಬಳ ತಡವಾಗುವ ಸೂಚನೆ ಸಿಕ್ಕಿದ ದಿನವೇ ಮಾಲೀಕರಿಗೆ ಹೇಳಿ, ಬರಹದಲ್ಲಿ.

ಫ್ಲ್ಯಾಟು ನೋಡಲು ಹೋದಾಗ ಎ.ಸಿ. ಇಪ್ಪತ್ತು ನಿಮಿಷ ಹಾಕಿಟ್ಟು ನೋಡಿ. ಜನವರಿಯಲ್ಲಿ ಮನೆ ಹಿಡಿದವರಿಗೆ ಅದರ ದೋಷ ತಿಳಿಯುವುದು ಜೂನಿನಲ್ಲಿ. "ಚಿಲ್ಲರ್ ಫ್ರೀ" ಎಂದರೆ ತಂಪಿನ ಖರ್ಚು ಮಾಲೀಕರದ್ದು. ಹಾಗಿಲ್ಲವಾದರೆ ಬೇಸಿಗೆಯ ಬಿಲ್ಲು ನಿಮ್ಮದು, ಹಿಂದಿನವರ ಆಗಸ್ಟ್ ಬಿಲ್ಲು ತೋರಿಸಲು ಕೇಳಿ. ಗೋಡೆಯ ಕಲೆ, ಒಡೆದ ಟೈಲ್ಸು, ಜಿರಳೆ, ಎಲ್ಲ ಫೋಟೋ ತೆಗೆದು ಕೀಲಿ ಪಡೆದ ದಿನವೇ ಮೇಲ್ ಮಾಡಿ. ಕಾರು ನಿಲ್ಲಿಸುವ ಜಾಗದಲ್ಲಿ ನೀಲಿ ಫಲಕವಿದ್ದರೆ ವಾರದ ಏಳು ದಿನವೂ ಶುಲ್ಕ.

ಒಬ್ಬರೇ ಬಂದವರು ಬೆಡ್‌ಸ್ಪೇಸ್, ಎಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಜಾಗ, ಹಿಡಿಯುವುದು ಸಹಜ. ಆದರೆ ಹಾರ್ಡ್‌ಬೋರ್ಡ್ ಹಾಕಿ ಒಂದು ಹಜಾರವನ್ನು ನಾಲ್ಕು ಕೋಣೆ ಮಾಡಿದ ಪಾರ್ಟಿಷನ್ ಬೇಡವೇ ಬೇಡ. ಬೆಂಕಿ ಬಿದ್ದರೆ ಹೊರಬರಲು ದಾರಿ ಇರುವುದಿಲ್ಲ, ತಪಾಸಣೆಯವರು ಬಂದರೆ ಸಂಜೆಗೆ ಬೀದಿಗೆ ಬೀಳುತ್ತೀರಿ. ನಿಮಗೆ ಜಾಗ ಕೊಡುವವರ ಹೆಸರಿನಲ್ಲಿ ಕರಾರಿದೆಯೇ, ಇನ್ನೊಬ್ಬರಿಗೆ ಕೊಡಲು ಮಾಲೀಕರ ಲಿಖಿತ ಒಪ್ಪಿಗೆ ಇದೆಯೇ, ಇವೆರಡನ್ನು ನೋಡದೆ ದುಡ್ಡು ಕೊಡಬೇಡಿ. ಶಾರ್ಜಾದ ಕುಟುಂಬದ ಬಡಾವಣೆಗಳಲ್ಲಿ ಬ್ಯಾಚುಲರುಗಳಿಗೆ ಅವಕಾಶವಿಲ್ಲ.

ಸಂಸಾರ ಕರೆಸುವವರಿಗೆ ದೃಢೀಕರಿಸಿದ ಬಾಡಿಗೆ ಕರಾರು ಬೇಕೇ ಬೇಕು; ಸಂಬಳ ಕನಿಷ್ಠ 4,000 ದಿರ್ಹಮ್, ಇಲ್ಲವೇ 3,000 ಮತ್ತು ವಸತಿ. ಮದುವೆ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ) ಸಾಲದು. ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂಬ ಕ್ರಮದಲ್ಲಿ ಮುದ್ರೆ ಬೀಳಬೇಕು. ಇದನ್ನು ಊರಿನಲ್ಲಿರುವಾಗಲೇ ಮಾಡಿಸಿ. ಮಕ್ಕಳ ಶಾಲೆ ಶಾರ್ಜಾದಲ್ಲಾದರೆ ಶುಕ್ರವಾರವೂ ರಜೆ, ನಿಮ್ಮ ದುಬೈ ಆಫೀಸಿಗೆ ಇರಲಾರದು. ಆ ದಿನ ಮಗು ಯಾರ ಹತ್ತಿರ ಎಂಬುದು ಮನೆ ಹಿಡಿಯುವ ಮೊದಲೇ ತೀರ್ಮಾನವಾಗಲಿ.

ಶಾರ್ಜಾದ 2024ರ ಬಾಡಿಗೆ ಕಾಯ್ದೆಯಂತೆ ಕರಾರು ಆರಂಭವಾಗಿ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಎರಡನೇ ವರ್ಷ ಯಾರಾದರೂ ಬಾಯಿಮಾತಿನಲ್ಲಿ ಹೆಚ್ಚು ಕೇಳಿದರೆ ಒಪ್ಪಿ ಸಹಿ ಹಾಕಬೇಡಿ. ಮನೆ ಬಿಡುವಾಗ ಕರಾರಿನಲ್ಲಿ ಬರೆದಷ್ಟು ಮೊದಲೇ ನೋಟಿಸ್ ಕೊಟ್ಟು, ಸೇವಾದ ಕೊನೆಯ ಬಿಲ್ಲು ಕಟ್ಟಿ ಕ್ಲಿಯರೆನ್ಸ್ ಪತ್ರ ತನ್ನಿ. ಅದನ್ನೂ ಮೊದಲ ದಿನದ ಫೋಟೋಗಳನ್ನೂ ಮುಂದಿಟ್ಟು ಡೆಪಾಸಿಟ್ ಕೇಳಿ, ಉಳಿದ ಚೆಕ್ಕುಗಳನ್ನು ಎಣಿಸಿ ವಾಪಸು ಪಡೆದ ಮೇಲೆ ಕೀಲಿ ಕೊಡಿ.