ಕರೋಲಿನಾದಲ್ಲಿ ಹೆದರಬೇಕಾದದ್ದು ಸೋನೆಮಳೆಗೆ

ಬಾಸ್ಟನ್ನಿನಲ್ಲೋ ಶಿಕಾಗೋದಲ್ಲೋ ಇರುವ ನೆಂಟರು ನಮ್ಮ ರಾಲಿ, ಕ್ಯಾರಿ ಕಡೆಯ ಚಳಿಯನ್ನು ಚಳಿಯೆಂದೇ ಎಣಿಸುವುದಿಲ್ಲ. ಇಲ್ಲಿ ಹಿಮ ಬೀಳುವುದು ವರ್ಷಕ್ಕೆ ಒಂದೆರಡು ಸಲ. ಕೆಲವು ವರ್ಷ ಅದೂ ಇಲ್ಲ. ಆದರೆ ಅಮೆರಿಕದ ನಾರ್ತ್ ಕರೋಲಿನಾದ ನಡುಭಾಗದಲ್ಲಿ ಮನೆ ಮಾಡಿದವರನ್ನು ಕಾಡುವುದು ಹಿಮವಲ್ಲ, ನೆಲ ಮುಟ್ಟಿದೊಡನೆ ಗಾಜಿನಂತೆ ಗಟ್ಟಿಯಾಗುವ ಮಳೆ.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಒಂದು ಜನವರಿಯ ಬೆಳಿಗ್ಗೆ, ಹೊಸಿಲಾಚೆ ಇದ್ದ ಪಾರ್ಸೆಲ್ ನೆನೆಯುತ್ತದೆಂದು ಬಾಗಿಲು ತೆರೆದರು. “ಬರೀ ಸೋನೆಮಳೆ ಕಣಮ್ಮ, ಕೊಡೆ ಬೇಡ” ಎಂದರು. ಮೆಟ್ಟಿಲು ಒದ್ದೆಯಾದಂತೆ ಕಾಣುತ್ತಿತ್ತು, ಅಷ್ಟೇ. ಎರಡನೆಯ ಹೆಜ್ಜೆಗೆ ಜಾರಿದರು. ಬಲಗೈ ಮಣಿಕಟ್ಟು ಮುರಿಯಿತು. ಹಿಂದಿನ ರಾತ್ರಿಯ ಮುನ್ಸೂಚನೆಯಲ್ಲಿ ಎಲ್ಲವೂ ಇತ್ತು. ಓದಿದ್ದ ನನಗೆ ಅರ್ಥವಾಗಿರಲಿಲ್ಲ. ಆ ಬೆಳಗಿನ ನೋವು ಇನ್ನೊಂದು ಮನೆಗೆ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಮಳೆಯ ಹುಟ್ಟು. ಉತ್ತರದಲ್ಲಿ, ನ್ಯೂ ಇಂಗ್ಲೆಂಡ್ ಅಥವಾ ಕೆನಡಾದ ಕ್ವಿಬೆಕ್ ಮೇಲೆ, ಗಾಳಿಯ ಒತ್ತಡ ಹೆಚ್ಚಿದಾಗ ಒಣ ತಣ್ಣನೆಯ ಗಾಳಿ ದಕ್ಷಿಣಕ್ಕೆ ಹರಿದು ಬರುತ್ತದೆ. ಭಾರವಾದ ಆ ಗಾಳಿಗೆ ಪಶ್ಚಿಮದ ಅಪಲೇಚಿಯನ್ ಬೆಟ್ಟಸಾಲನ್ನು ಹತ್ತಿ ದಾಟುವ ಶಕ್ತಿಯಿಲ್ಲ. ಬೆಟ್ಟದ ಬುಡದಲ್ಲೇ ನೆಲಕ್ಕೆ ಅಂಟಿ ಬೆಣೆ ಹೊಡೆದಂತೆ ಕೂರುತ್ತದೆ. ಇಲ್ಲಿನ ಹವಾಮಾನದವರೂ ಅದನ್ನು ‘ವೆಜ್’, ಎಂದರೆ ಬೆಣೆ, ಎಂದೇ ಕರೆಯುತ್ತಾರೆ. ನಮ್ಮ ಪಶ್ಚಿಮ ಘಟ್ಟ ಅರಬ್ಬಿ ಸಮುದ್ರದ ಮೋಡವನ್ನು ಮೇಲಕ್ಕೆತ್ತಿ ಮಳೆ ಸುರಿಸುತ್ತದೆ. ಈ ಬೆಟ್ಟಗಳು ಚಳಿಯನ್ನು ಕಟ್ಟಿಹಾಕುತ್ತವೆ. ಆ ಬೆಣೆಯ ಮೇಲೆ ಮೆಕ್ಸಿಕೋ ಕೊಲ್ಲಿಯ ಮತ್ತು ಅಟ್ಲಾಂಟಿಕ್ಕಿನ ಬೆಚ್ಚನೆಯ ತೇವದ ಗಾಳಿ ಏರುತ್ತದೆ. ಮೋಡದಿಂದ ಹೊರಟ ಹಿಮ ನಡುವಿನ ಬೆಚ್ಚನೆಯ ಪದರದಲ್ಲಿ ಕರಗಿ ನೀರಾಗುತ್ತದೆ. ಕೆಳಗಿನ ತಂಪು ಪದರ ದಪ್ಪವಾಗಿದ್ದರೆ ದಾರಿಯಲ್ಲೇ ಗಟ್ಟಿಯಾಗಿ, ಸಬ್ಬಕ್ಕಿ ಚೆಲ್ಲಿದಂತೆ ಟಪಟಪ ಸಿಡಿಯುವ ‘ಸ್ಲೀಟ್’ ಆಗುತ್ತದೆ. ಪದರ ತೆಳುವಾಗಿದ್ದರೆ ಗಟ್ಟಿಯಾಗಲು ಸಮಯ ಸಿಗದೆ ನೀರಾಗಿಯೇ ಇಳಿದು, ಕೊಂಬೆ, ತಂತಿ, ಮೆಟ್ಟಿಲು ಸಿಕ್ಕಲ್ಲಿ ಹೆಪ್ಪುಗಟ್ಟುತ್ತದೆ. ಇದೇ ‘ಫ್ರೀಜಿಂಗ್ ರೇನ್’. ಕಿಟಕಿಯೊಳಗಿನಿಂದ ನೋಡುವವರಿಗೆ ಇದಕ್ಕೂ ಸೋನೆಮಳೆಗೂ ವ್ಯತ್ಯಾಸ ಕಾಣುವುದೇ ಇಲ್ಲ.

ಹೀಗಾಗಿ ಒಂದೇ ಬಿರುಗಾಳಿ ಪಶ್ಚಿಮದ ಗ್ರೀನ್ಸ್‌ಬರೋದಲ್ಲಿ ಹಿಮವಾಗಿ, ಐ-95 ಹೆದ್ದಾರಿಯ ಪೂರ್ವಕ್ಕೆ ಬರೀ ಮಳೆಯಾಗಿ ಬರಬಹುದು. ನಡುವೆ ಸಿಕ್ಕಿಕೊಳ್ಳುವವರು ರಾಲಿ, ಕ್ಯಾರಿ, ಮಾರಿಸ್‌ವಿಲ್‌ನ ನಾವು.

ಮೊಬೈಲಿನ ಮೋಡದ ಚಿತ್ರವನ್ನು ನಂಬಬೇಡಿ. ಅದು ‘ಮಳೆ, 33 ಡಿಗ್ರಿ’ ಎಂದು ಹೇಳಿ ಸುಮ್ಮನಾಗುತ್ತದೆ. (ಇಲ್ಲಿನ ಲೆಕ್ಕ ಫ್ಯಾರನ್‌ಹೀಟಿನಲ್ಲಿ; ನೀರು ಹೆಪ್ಪುಗಟ್ಟುವುದು 32ಕ್ಕೆ.) ಓದಬೇಕಾದದ್ದು ಸರ್ಕಾರದ ನ್ಯಾಷನಲ್ ವೆದರ್ ಸರ್ವಿಸ್‌ನ ಮುನ್ಸೂಚನೆ. ಅದರ ರಾಲಿ ಕಚೇರಿ ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯದ ಸೆಂಟೆನಿಯಲ್ ಕ್ಯಾಂಪಸ್ಸಿನಲ್ಲಿದೆ. ಈ ಸೀಮೆಯ ಬೆಣೆಯನ್ನು ವರ್ಷಗಟ್ಟಲೆ ಕಂಡ ಜನ ಅಲ್ಲಿ ಕುಳಿತು ಬರೆಯುತ್ತಾರೆ. ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್ ಕೊಟ್ಟರೆ ನಿಮ್ಮ ಬಡಾವಣೆಯ ಮುನ್ಸೂಚನೆಯೇ ತೆರೆದುಕೊಳ್ಳುತ್ತದೆ.

ಎಚ್ಚರಿಕೆಯಲ್ಲಿ ಮೂರು ಮೆಟ್ಟಿಲುಗಳಿವೆ. ಹೊಸಬರು ಇವನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ‘ವಾಚ್’ ಎಂದರೆ ದೊಡ್ಡದೇ ಬರುವ ಸಾಧ್ಯತೆಯಿದೆ, ಇನ್ನೂ ಖಚಿತವಿಲ್ಲ. ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಹೊರಡುತ್ತದೆ. ಅಕ್ಕಿ, ಹಾಲು, ಔಷಧಿ ತರಬೇಕಾದದ್ದು ಆಗಲೇ. ‘ವಾರ್ನಿಂಗ್’ ಬಂದರೆ ಆ ದೊಡ್ಡದು ಖಚಿತವಾಯಿತು ಎಂದರ್ಥ. ‘ಅಡ್ವೈಸರಿ’ ಕೂಡ ಖಚಿತವೇ, ಆದರೆ ಪ್ರಮಾಣ ಕಡಿಮೆ. ಮೋಸ ಹೋಗುವುದು ಇಲ್ಲೇ. ಮಂಜುಗಡ್ಡೆ ಕಾಲು ಇಂಚು ಕಟ್ಟುತ್ತದೆಂದರೆ ‘ಐಸ್ ಸ್ಟಾರ್ಮ್ ವಾರ್ನಿಂಗ್’. ಅದಕ್ಕಿಂತ ಕಡಿಮೆಯಾದರೆ ಬರೀ ಅಡ್ವೈಸರಿ. ನಮ್ಮ ಅತ್ತೆಯವರು ಬಿದ್ದ ದಿನ ಇದ್ದದ್ದು ಅಡ್ವೈಸರಿ. ಹತ್ತನೇ ಒಂದು ಇಂಚು ಮರ ಮುರಿಯಲಾರದು, ಮೂಳೆ ಮುರಿಯಬಲ್ಲದು.

ಹಾಗಾಗಿ ಮುನ್ಸೂಚನೆ ಓದುವಾಗ ಹಿಮ ಎಷ್ಟು ಇಂಚು ಎಂದು ಮಕ್ಕಳು ಕೇಳಲಿ. ನೀವು ‘ಐಸ್’ ಎಂಬ ಪದದ ಮುಂದಿನ ಅಂಕಿಯನ್ನು ಹುಡುಕಿ. ಆಮೇಲೆ ನೋಡಬೇಕಾದದ್ದು ‘ಡ್ಯೂ ಪಾಯಿಂಟ್’, ಎಂದರೆ ಇಬ್ಬನಿ ಬಿಂದು: ಗಾಳಿಯಲ್ಲಿನ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ. ಹೊರಗೆ 37 ಡಿಗ್ರಿ ಇದೆ, ಮಳೆಯೇ ತಾನೆ ಎಂದು ಅನಿಸುತ್ತದೆ. ಆದರೆ ಇಬ್ಬನಿ ಬಿಂದು 15ರಲ್ಲಿದ್ದರೆ ಗಾಳಿ ಬಹಳ ಒಣಗಿದೆ ಎಂದರ್ಥ. ಅದರೊಳಗೆ ಬಿದ್ದ ಮೊದಲ ಹನಿಗಳು ಆವಿಯಾಗುತ್ತ, ಮಣ್ಣಿನ ಹೂಜಿ ನೀರನ್ನು ತಣಿಸುವಂತೆ, ಗಾಳಿಯನ್ನು ತಣಿಸುತ್ತವೆ; ಉಷ್ಣಾಂಶ 30ರ ಆಸುಪಾಸಿಗೆ ಇಳಿಯುತ್ತದೆ. ಮಳೆ ಶುರುವಾದ ಮೇಲೆ ಚಳಿ ಹೆಚ್ಚುವುದು ಇಲ್ಲಿ ಹೀಗೆ.

ಇಂಗ್ಲಿಷ್ ಓದಲು ತಾಳ್ಮೆಯಿದ್ದವರು ಅದೇ ತಾಣದ ‘ಫೋರ್‌ಕಾಸ್ಟ್ ಡಿಸ್ಕಷನ್’ ಓದಬೇಕು. ಮುನ್ಸೂಚಕರು ತಮ್ಮ ಅನುಮಾನಗಳನ್ನು ಅಲ್ಲಿ ಮುಚ್ಚಿಡುವುದಿಲ್ಲ. ಹವಾಮಾನ ಲೆಕ್ಕಹಾಕುವ ಯಾವ ಕಂಪ್ಯೂಟರ್ ಮಾದರಿ ಏನು ತೋರಿಸುತ್ತಿದೆ, ತಮಗೆ ಭರವಸೆ ಎಷ್ಟು ಎಂದು ಬಿಡಿಸಿ ಹೇಳುತ್ತಾರೆ. ನಾನು ಅಲ್ಲಿ ಹುಡುಕುವುದು ಉತ್ತರದ ಒತ್ತಡ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬ ಮಾತನ್ನು. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ಉತ್ತರದಿಂದ ಹೊಸ ತಂಪು ಗಾಳಿ ಬರುತ್ತಲೇ ಇರದಿದ್ದರೆ ಆ ಶಾಖಕ್ಕೇ ಉಷ್ಣಾಂಶ 32ಕ್ಕೆ ಏರಿ ಮಂಜುಗಡ್ಡೆ ಕಟ್ಟುವುದು ನಿಲ್ಲುತ್ತದೆ. ಬರುತ್ತಲೇ ಇದ್ದರೆ ಇಡೀ ರಾತ್ರಿ ಕಟ್ಟುತ್ತದೆ.

ರಸ್ತೆಗೆ ಮುಂಚೆಯೇ ಉಪ್ಪುನೀರು ಸಿಂಪಡಿಸುತ್ತಾರೆ, ಆದರೆ ಮೊದಲು ಮಳೆಯೇ ಬರುವಂತಿದ್ದರೆ ಅದು ತೊಳೆದು ಹೋಗುತ್ತದೆ. ಬಡಾವಣೆಯ ಒಳರಸ್ತೆಗಳ ಸರದಿ ಕೊನೆಗೆ. 2005ರ ಜನವರಿ 19ರಂದು ರಾಲಿಯಲ್ಲಿ ಬಿದ್ದದ್ದು ಒಂದು ಇಂಚಿನಷ್ಟು ಹಿಮ. ಎಲ್ಲರೂ ಒಂದೇ ಸಮಯಕ್ಕೆ ಮನೆಗೆ ಹೊರಟರು, ಕರಗಿದ ಹಿಮ ಚಕ್ರದಡಿ ಮತ್ತೆ ಹೆಪ್ಪುಗಟ್ಟಿತು. ಊರೇ ಸ್ತಬ್ಧವಾಗಿ, ಸಾವಿರಾರು ಮಕ್ಕಳು ಶಾಲೆಗಳಲ್ಲೇ ರಾತ್ರಿ ಕಳೆದರು. ಇಲ್ಲಿ ಶಾಲೆಗೆ ಬೇಗ ರಜೆ ಕೊಡುತ್ತಾರೆಂದು ಬೇಸರಿಸುವ ತಂದೆತಾಯಿಯರಿಗೆ ನಾನು ಈ ದಿನವನ್ನು ಹೇಳುತ್ತೇನೆ.

ವಿದ್ಯುತ್ತಿನ ಮಾತು ಇನ್ನೂ ಮುಖ್ಯ. ಈ ಸೀಮೆ ತುಂಬ ಎತ್ತರದ ಲಾಬ್‌ಲಾಲಿ ಪೈನ್ ಮರಗಳು. ಎಲೆ ಉದುರದ ಅವುಗಳ ಸೂಜಿ ಸೂಜಿಗೂ ಮಂಜುಗಡ್ಡೆ ಕಟ್ಟುತ್ತದೆ. ನಡುರಾತ್ರಿ ಕೊಂಬೆ ಮುರಿಯುವ ಸದ್ದು ಬಂದೂಕು ಹಾರಿಸಿದಂತೆ ಕೇಳುತ್ತದೆ, ದೂರದಲ್ಲಿ ಟ್ರಾನ್ಸ್‌ಫಾರ್ಮರ್ ಹಸಿರು-ನೀಲಿಯಾಗಿ ಮಿಂಚುತ್ತದೆ, ಮನೆ ಕತ್ತಲಾಗುತ್ತದೆ. 2002ರ ಡಿಸೆಂಬರ್ 4-5ರ ಮಂಜುಗಡ್ಡೆಯಲ್ಲಿ ನಾರ್ತ್, ಸೌತ್ ಎರಡೂ ಕರೋಲಿನಾಗಳ ಹತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ವಿದ್ಯುತ್ ಕಳೆದುಕೊಂಡವು; ಕೆಲವರಿಗೆ ವಾರ ಕಳೆದರೂ ಬರಲಿಲ್ಲ. ನಮ್ಮ ಬಡಾವಣೆಯ ತಂತಿ ನೆಲದಡಿಯಿದೆ ಎಂದು ನೆಮ್ಮದಿಯಾಗಿರಬೇಡಿ. ಅಲ್ಲಿಗೆ ಬರುವ ಮುಖ್ಯ ತಂತಿ ಕಂಬದ ಮೇಲೆಯೇ ಇರಬಹುದು. ಗ್ಯಾಸ್ ಹೀಟರಿನ ಗಾಳಿ ದೂಡುವ ಫ್ಯಾನಿಗೂ ವಿದ್ಯುತ್ ಬೇಕು.

ಊರಿನಲ್ಲಿ ಅಗ್ಗಿಷ್ಟಿಕೆಯ ಸುತ್ತ ಕುಳಿತು ಮೈ ಕಾಯಿಸಿಕೊಂಡ ನೆನಪು ನಮಗಿದೆ. ಅಲ್ಲಿನ ಹೆಂಚಿನ ಸಂದಿಗಳಲ್ಲಿ ಹೊಗೆ ಹೋಗುತ್ತಿತ್ತು. ಇಲ್ಲಿನ ಮನೆಗಳು ಡಬ್ಬಿಯಂತೆ ಮುಚ್ಚಿವೆ. 2002ರಲ್ಲಿ ಶಾರ್ಲೆಟ್ ಕಡೆ ಇದ್ದಿಲ ಒಲೆಯನ್ನು ಮನೆಯೊಳಗೆ ಹೊತ್ತಿಸಿ, ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸಿ ಅನೇಕರು ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ತುತ್ತಾದರು. ದಯವಿಟ್ಟು ಎರಡನ್ನೂ ಮಾಡಬೇಡಿ. ಕಂಬಳಿ, ಬ್ಯಾಟರಿ ದೀಪ, ಒಂದೇ ಕೋಣೆಯಲ್ಲಿ ಎಲ್ಲರೂ.

ಮಳೆ ಶುರುವಾದಾಗ ಬಾಗಿಲು ತೆರೆಯುವ ಮೊದಲು ಹಿತ್ತಲಿನ ಡೆಕ್ಕಿನ ಕಟಕಟೆ, ಕಾರಿನ ಆಂಟೆನಾ ನೋಡಿ. ನೆಲಕ್ಕಿಂತ ಬೇಗ ತಣಿಯುವ ಇವುಗಳ ಮೇಲೆ ಹೊಳಪು ಮೊದಲು ಕಾಣುತ್ತದೆ. ಸೇತುವೆಗಳೂ ಹಾಗೆಯೇ, ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಮರುದಿನ ಬಿಸಿಲು ಬಂದು ಎಲ್ಲ ಕರಗಿತೆಂದು ಸಂಜೆ ಕಾರು ತೆಗೆಯಬೇಡಿ; ಕತ್ತಲಾದ ಮೇಲೆ ಅದೇ ನೀರು ಕಣ್ಣಿಗೆ ಕಾಣದ ಕಪ್ಪು ಮಂಜುಗಡ್ಡೆಯಾಗುತ್ತದೆ. ಊರಿನಿಂದ ಬಂದ ಹಿರಿಯರು ಆ ಬಿಸಿಲಿಗೆ ಹೊರಗೆ ಬಂದರೆ ಪೈನ್ ಮರದ ಕೆಳಗಿನಿಂದ ದೂರ ಕರೆದುಕೊಂಡು ಬನ್ನಿ. ಗಾಳಿ ಬೀಸಿದಾಗಲೆಲ್ಲ ಮೇಲಿನಿಂದ ಗಾಜಿನ ಚೂರುಗಳಂತೆ ಮಂಜುಗಡ್ಡೆ ಉದುರುತ್ತಿರುತ್ತದೆ.